ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೇ ಬುಲೆಟ್ಟಿನ ಕಾರ್ಬ್ಯುರೇಟರ್ ಕಾಯಿಲೆ ಹಿಡಿಯುವುದು ಹೇಗೆ?

ಪ್ರಶ್ನೆ: ನನ್ನದು 1996ರ ಸ್ಟ್ಯಾಂಡರ್ಡ್ ಬುಲೆಟ್ 350. ಪಾಯಿಂಟ್ ಸೆಟ್ (ಪ್ಲಗ್ಗಿನ ಕಿಡಿಗಾಗಿ ತೆರೆದು ಮುಚ್ಚುವ ಜೋಡಿ) ಇರುವ ಗಾಡಿ, ಮಿಕ್‌ಕಾರ್ಬ್ ಕಾರ್ಬ್ಯುರೇಟರ್. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಕೊಂಡು ಚಿಕ್ಕಮಗಳೂರಿಗೆ ತಂದೆ. ಹಿಂದಿನ ಮಾಲೀಕರು ಜೋರು ಶಬ್ದದ ಫ್ರೀ ಫ್ಲೋ ಸೈಲೆನ್ಸರ್, ಕೋನ್ ಆಕಾರದ ಏರ್ ಫಿಲ್ಟರ್ ಹಾಕಿಸಿದ್ದರು. ಬೆಳಿಗ್ಗೆ ಸ್ಟಾರ್ಟ್ ಆಗಲು ಹತ್ತು ಹನ್ನೆರಡು ಕಿಕ್ ಬೇಕು. ಐಡ್ಲಿಂಗ್ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ರೇಸ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ. 50–60ರ ವೇಗದಲ್ಲಿ ಒಂದೇ ಸಮ ಓಡಿಸುವಾಗ ಗಂಟಲು ಕಟ್ಟಿದ ಹಾಗೆ ಮುಗ್ಗರಿಸುತ್ತದೆ. ಪ್ಲಗ್ ಕಪ್ಪು ಮಸಿ. ಮೈಲೇಜ್ 22. ಮೊದಲನೇ ಮೆಕ್ಯಾನಿಕ್ ಪ್ಲಗ್ ನೋಡಿ ‘ರಿಚ್ ಆಗಿದೆ’ ಎಂದು ಏರ್ ಸ್ಕ್ರೂ ಬಿಚ್ಚಿದರು. ಎರಡನೆಯವರು ಪಟಾಕಿ ಶಬ್ದ ಕೇಳಿ ‘ಲೀನ್ ಆಗಿದೆ’ ಎಂದು ನೀಡಲ್ ಎತ್ತಿ, 110ರ ಮೇನ್ ಜೆಟ್ ಹಾಕಿದರು. ಎರಡೂ ಸಲ ಗಾಡಿ ಇನ್ನಷ್ಟು ಕೆಟ್ಟಿತು. ಯಾರ ಮಾತು ನಂಬಲಿ?

ಉತ್ತರ: ಇಬ್ಬರನ್ನೂ ನಂಬಿ. ಇಬ್ಬರೂ ಹೇಳಿದ್ದು ನಿಜ. ಆದರೆ ಇಬ್ಬರೂ ಕೈ ಹಾಕಿದ್ದು ತಪ್ಪು ಜಾಗಕ್ಕೆ.

ನಿಮ್ಮ ಗಾಡಿಯಲ್ಲಿರುವುದು ಒಂದು ಕಾಯಿಲೆಯಲ್ಲ, ಕನಿಷ್ಠ ಎರಡು. ಐಡ್ಲಿಂಗ್ ಹತ್ತಿರ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲುತ್ತಿಲ್ಲ, ಅದು ಲೀನ್; ಅರ್ಧ ರೇಸಿನಲ್ಲಿ ಹೆಚ್ಚಾಗುತ್ತಿದೆ, ಅದು ರಿಚ್. ಮೊದಲನೆಯವರು ನೋಡಿದ ಕಪ್ಪು ಪ್ಲಗ್ಗು ಅರ್ಧ ರೇಸಿನಲ್ಲಿ ಓಡಿಸಿದ್ದರ ಗುರುತು, ಆದರೆ ಅವರು ತಿರುಗಿಸಿದ್ದು ಐಡ್ಲಿಂಗಿಗೆ ಸಂಬಂಧಪಟ್ಟ ಏರ್ ಸ್ಕ್ರೂ. ಮೊದಲೇ ಬಡಕಲಾಗಿದ್ದ ಐಡ್ಲಿಂಗ್ ಮಿಶ್ರಣ ಇನ್ನೂ ಸೊರಗಿತು, ಪಟಾಕಿ ಜೋರಾಯಿತು. ಎರಡನೆಯವರು ಕೇಳಿದ ಪಟಾಕಿ ರೇಸ್ ಬಿಟ್ಟಾಗಿನದು, ಅಂದರೆ ಐಡ್ಲಿಂಗ್ ದಾರಿಯದು. ಅವರು ಎತ್ತಿದ್ದು ಅರ್ಧ ರೇಸಿನ ನೀಡಲ್ಲು. ಅಲ್ಲಿ ಮೊದಲೇ ಉಕ್ಕುತ್ತಿದ್ದ ಪೆಟ್ರೋಲು ಇನ್ನಷ್ಟು ಉಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಒಂದು ಡಬ್ಬಿಯಂತೆ ಕಂಡರೂ ಒಳಗೆ ನಾಲ್ಕೈದು ಬೇರೆ ಬೇರೆ ದಾರಿಗಳಿವೆ. ನಿಮ್ಮದು ಮಿಕುನಿ ಮಾದರಿಯ ವಿಎಂ 24, ರೇಸ್ ತಿರುಗಿಸಿದಂತೆ ಸ್ಲೈಡ್ ಎಂಬ ತುಂಡು ಮೇಲೆ ಕೆಳಗೆ ಆಡುವ ಜಾತಿ. ರೇಸ್ ಪೂರ್ತಿ ಬಿಟ್ಟಿರುವಾಗಿನಿಂದ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂಗಳದ್ದೇ ರಾಜ್ಯ. ಜೆಟ್ ಅಂದರೆ ಪೆಟ್ರೋಲು ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು, ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು. ಅಲ್ಲಿಂದ ಕಾಲು ರೇಸಿನವರೆಗೆ ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿದ ಭಾಗದ ಪ್ರಭಾವ ಹೆಚ್ಚು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿನಿಂದ ತೂಗುವ ಸೂಜಿ, ಅಂದರೆ ನೀಡಲ್, ಮತ್ತು ಅದು ಇಳಿದು ಕೂರುವ ನೀಡಲ್ ಜೆಟ್. ಮುಕ್ಕಾಲು ದಾಟಿದ ಮೇಲಷ್ಟೇ ಮೇನ್ ಜೆಟ್ ಮಾತಾಡುತ್ತದೆ. ಗಡಿಗಳು ಗೆರೆ ಎಳೆದಂತಿಲ್ಲ, ಒಂದರ ಮೇಲೊಂದು ಹಾಸಿಕೊಂಡಿವೆ, ಆದರೂ ಕಾಯಿಲೆ ಹಿಡಿಯಲು ಇಷ್ಟು ಸಾಕು. 55ರಲ್ಲಿ ಮುಗ್ಗರಿಸುವ ಗಾಡಿಗೆ 110ರ ಮೇನ್ ಜೆಟ್ ಹಾಕಿದರೆ ಬಿಸಿಲೆಂದು ಪಕ್ಕದ ಮನೆಗೆ ಫ್ಯಾನ್ ಹಾಕಿಸಿದ ಹಾಗೆ. ಅಂದಹಾಗೆ 110 ಎಂಬುದು 500 ಸಿಸಿ ಬುಲೆಟ್ಟಿನ ದೊಡ್ಡ ಕಾರ್ಬ್ಯುರೇಟರಿನ ಲೆಕ್ಕ. 350ಕ್ಕೆ ಕಂಪನಿಯಿಂದ ಬರುತ್ತಿದ್ದುದು 90.

ಹಾಗಾಗಿ ಗಾಡಿ ತಂದವರನ್ನು ನಾನು ಮೊದಲು ಕೇಳುವುದು ‘ಯಾವ ಸ್ಪೀಡಿನಲ್ಲಿ ಹೀಗಾಗುತ್ತೆ’ ಎಂದಲ್ಲ. ‘ರೇಸ್ ಎಷ್ಟು ತಿರುಗಿಸಿದಾಗ ಆಗುತ್ತೆ’ ಎಂದು. ಸ್ಪೀಡು ಕಾರ್ಬ್ಯುರೇಟರಿಗೆ ಗೊತ್ತಿಲ್ಲ. ಏರಿನಲ್ಲಿ 40ಕ್ಕೆ ಅರ್ಧ ರೇಸ್ ಬೇಕಾಗಬಹುದು, ಇಳಿಜಾರಿನಲ್ಲಿ 60ಕ್ಕೆ ಏನೂ ಬೇಡ. ರೇಸ್ ಹಿಡಿಯ ರಬ್ಬರಿನ ಮೇಲೆ ಒಂದು ಗೆರೆ ಎಳೆಯಿರಿ. ಪಕ್ಕದ ಸ್ವಿಚ್ ಡಬ್ಬಿಗೆ ಬಿಳಿ ಟೇಪು ಅಂಟಿಸಿ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಫುಲ್ ಎಂದು ಗುರುತು ಹಾಕಿ. ನೋಡಲು ಚೆನ್ನಾಗಿರುವುದಿಲ್ಲ, ನಾಲ್ಕು ದಿನದ ಮಟ್ಟಿಗೆ ಸಹಿಸಿಕೊಳ್ಳಿ. ಅರ್ಧ ರೇಸ್ ಎಂದು ನಾವು ಅಂದುಕೊಳ್ಳುವುದು ಎಷ್ಟೋ ಸಲ ಕಾಲು ರೇಸು ಕೂಡ ಆಗಿರುವುದಿಲ್ಲ, ಅದು ಆ ಟೇಪು ಅಂಟಿಸಿದ ಮೇಲೆಯೇ ತಿಳಿಯುವುದು.

ಆದರೆ ಇದೆಲ್ಲಕ್ಕೂ ಮುಂಚೆ ಕಾರ್ಬ್ಯುರೇಟರ್ ಬಿಟ್ಟು ಬೇರೆ ಕಡೆ ನೋಡಬೇಕು. ಕಾರ್ಬ್ಯುರೇಟರ್ ತೊಂದರೆ ಎಂದು ಬರುವ ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ರೋಗ ಇರುವುದು ಕರೆಂಟಿನಲ್ಲಿ. ನಾನು ಕೆಲಸ ಕಲಿತದ್ದು ಮೈಸೂರಿನಲ್ಲಿ, ಯೆಜ್ಡಿ ಬೈಕುಗಳು ಅಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ. ಒಂದು ಬುಲೆಟ್ಟು ಬಿಸಿಯಾದ ಮೇಲೆ ಮಿಸ್ಸಿಂಗ್ ಹೊಡೆಯುತ್ತಿತ್ತು. ಎರಡು ದಿನ ಕಾರ್ಬ್ಯುರೇಟರ್ ಬಿಚ್ಚಿದೆ, ತೊಳೆದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಮೂರನೇ ದಿನ ಗುರುಗಳು ಬಂದು ಏನೂ ಮಾತಾಡದೆ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಬದಲಾಯಿಸಿ ಒಂದು ಕಿಕ್ ಹೊಡೆದು ಹೊರಟುಹೋದರು. ಆ ಅವಮಾನಕ್ಕೆ ಇವತ್ತಿಗೂ ನಾನು ಋಣಿ.

ಆದ್ದರಿಂದ ಮೊದಲು ಪಾಯಿಂಟ್ ಗ್ಯಾಪ್ ಅಳೆಯಿರಿ. ಪೂರ್ತಿ ತೆರೆದಾಗ 0.35ರಿಂದ 0.40 ಮಿಲಿಮೀಟರ್ ಇರಬೇಕು. ಪಾಯಿಂಟಿನ ಮುಖ ಗುಂಡಿ ಬಿದ್ದು ಒಂದು ಕಡೆ ಗುಡ್ಡೆಯಾಗಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಿ. ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಅಡ್ವಾನ್ಸ್ ಪೂರ್ತಿ ಹಿಂದಿರುವಾಗ ಪಿಸ್ಟನ್ ತುದಿ ಮುಟ್ಟಲು 0.8 ಮಿಲಿಮೀಟರ್ ಬಾಕಿ ಇರುವಾಗ ಪಾಯಿಂಟ್ ತೆರೆಯತೊಡಗಬೇಕು. ಟೈಮಿಂಗ್ ತಡವಾದರೂ ಪಟಾಕಿ ಹೊಡೆಯುತ್ತದೆ, ಎಂಜಿನ್ ಕಾಯುತ್ತದೆ, ಪಿಕಪ್ ಸತ್ತುಹೋಗುತ್ತದೆ. ಎಲ್ಲ ಲಕ್ಷಣವೂ ಲೀನ್ ಮಿಶ್ರಣದ್ದೇ. ಟ್ಯಾಪೆಟ್ ನೋಡುವುದು ಬುಲೆಟ್ಟಿನಲ್ಲಿ ಸುಲಭ. ಎಂಜಿನ್ ತಣ್ಣಗಿರುವಾಗ, ಕಂಪ್ರೆಶನ್ ಹೊಡೆತದಲ್ಲಿ ಪಿಸ್ಟನ್ ಮೇಲಿರುವಾಗ, ವಾಲ್ವ್ ತೆರೆಸುವ ಪುಶ್ ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಪ್ಲಗ್ ಹಳೆಯದಾಗಿದ್ದರೆ ಹೊಸದು ಹಾಕಿ. ಮಸಿ ಹಿಡಿದ ಪ್ಲಗ್ ಉಜ್ಜಿ ಹಾಕಿ ಅದರ ಬಣ್ಣ ಓದಲು ಕೂತರೆ ನಿನ್ನೆಯ ಪತ್ರಿಕೆಯಲ್ಲಿ ಇವತ್ತಿನ ಸುದ್ದಿ ಹುಡುಕಿದಂತೆ.

ಆಮೇಲೆ ಪೆಟ್ರೋಲಿನ ದಾರಿ. ಕಾರ್ಬ್ಯುರೇಟರಿನ ಬುಡದಲ್ಲಿ ಬಟ್ಟಲಿನಂತಿರುವ ಫ್ಲೋಟ್ ಚೇಂಬರ್ ಬಿಚ್ಚಿ, ಅದರಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ಮಲೆನಾಡಿನಲ್ಲಿ ಆಷಾಢ, ಶ್ರಾವಣದಲ್ಲಿ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವವನ್ನೇ ಕುಡಿಯುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಬಾಟಲಿಯ ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನೇ ಖಾಲಿ ಮಾಡಬೇಕು, ಜೆಟ್ ಬದಲಿಸಿ ಪ್ರಯೋಜನವಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ತೂತನ್ನೂ ನೋಡಿ. ಕಣಜ ಅಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟಿರುವುದನ್ನು ನಾನೇ ಕಂಡಿದ್ದೇನೆ. ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಸಾಯುವ ಗಾಡಿ, ಮುಚ್ಚಳ ತೆಗೆದೊಡನೆ ‘ಸುಯ್’ ಎಂದು ಗಾಳಿ ಎಳೆದುಕೊಂಡು ಮತ್ತೆ ಬದುಕಿದರೆ ಕಾರಣ ಅದೇ. ನಿಮ್ಮ ಲಕ್ಷಣ ಅದಲ್ಲ, ಆದರೂ ನೋಡಲು ಅರ್ಧ ನಿಮಿಷ ಸಾಕು.

ಈಗ ನಿಮ್ಮ ಮೊದಲನೇ ಕಾಯಿಲೆ, ಅಂದರೆ ಐಡ್ಲಿಂಗ್.

ಐಡ್ಲಿಂಗ್ ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ರೇಸ್ ಬಿಟ್ಟ ಮೇಲೂ ಎಂಜಿನ್ ತಟ್ಟನೆ ಇಳಿಯದೆ ಮೇಲೇ ನೇತಾಡುವುದು, ಇಳಿಜಾರಿನಲ್ಲಿ ಪಟಾಕಿ. ಇವು ಮೂರೂ ಒಟ್ಟಿಗಿದ್ದರೆ ನಾನು ಮೊದಲು ನೋಡುವುದು ಕಾರ್ಬ್ಯುರೇಟರ್ ಹೆಡ್ಡಿಗೆ ಕೂರುವ ಜಾಗವನ್ನು. ಎರಡು ನಟ್ಟುಗಳಲ್ಲಿ ಅದು ಕೂತಿರುತ್ತದೆ. ಇಷ್ಟು ವರ್ಷದಲ್ಲಿ ಎಷ್ಟು ಜನ ಅದನ್ನು ಬಿಚ್ಚಿ ‘ಲೀಕ್ ಆಗಬಾರದು’ ಎಂದು ಬಲ ಹಾಕಿ ಬಿಗಿದಿರುತ್ತಾರೋ. ಬಿಗಿದಷ್ಟೂ ಎರಡು ಕಿವಿ ಹಿಂದಕ್ಕೆ ಬಾಗುತ್ತವೆ, ಮುಖ ಬಾಳೆಹಣ್ಣಿನಂತಾಗುತ್ತದೆ, ನಡುವಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ಆ ಗಾಳಿಗೆ ಪೆಟ್ರೋಲಿನ ಜೊತೆಯಿಲ್ಲ. ಐಡ್ಲಿಂಗಿನಲ್ಲಿ ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಸ್ವಲ್ಪ, ಅದರಲ್ಲಿ ಕಳ್ಳದಾರಿಯ ಪಾಲು ದೊಡ್ಡದಾಗುತ್ತದೆ. ಫುಲ್ ರೇಸಿನಲ್ಲಿ ಗಾಳಿಯ ಹೊಳೆಯೇ ಹರಿಯುವಾಗ ಅದೇ ಸಂದಿ ಲೆಕ್ಕಕ್ಕಿಲ್ಲ. ಬರೀ ಐಡ್ಲಿಂಗಿನಲ್ಲಿ ಲೀನ್ ಆಗಿರುವ ಗಾಡಿಯಲ್ಲಿ ಜೆಟ್ಟಿಗಿಂತ ಮೊದಲು ಸಂದಿ ಹುಡುಕಬೇಕು ಎನ್ನುವುದು ಇದಕ್ಕೇ.

ಪರೀಕ್ಷೆಗೆ ಕೆಲವರು ಪೆಟ್ರೋಲನ್ನೇ ಸಿಂಪಡಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಆ ಕೆಲಸ ಮಾತ್ರ ಬೇಡ. ನನ್ನ ಉಪಾಯ ಇನ್ನೂ ಅಗ್ಗ. ಗಾಡಿ ಐಡ್ಲಿಂಗಿನಲ್ಲಿ ಇರುವಾಗ ಆ ಜೋಡಣೆಯ ಸುತ್ತ ದಪ್ಪ ಗ್ರೀಸು ಮೆತ್ತಿ. ಎಂಜಿನ್ ಶಬ್ದ ಬದಲಾಗಿ ಸಮನಾದರೆ ಕಳ್ಳ ಸಿಕ್ಕಿದ. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ, ಮುಖದ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಮುಖವನ್ನು ಕನ್ನಡದ ‘೪’ ಬರೆಯುವ ಹಾಗೆ ನಿಧಾನ ಉಜ್ಜಿ. ಉಜ್ಜುವ ಮುಂಚೆ ಜೆಟ್, ಸ್ಕ್ರೂ, ರಬ್ಬರ್ ರಿಂಗ್ ಎಲ್ಲ ತೆಗೆದಿರಿ. ಮುಗಿದ ಮೇಲೆ ಚೆನ್ನಾಗಿ ತೊಳೆದು ಗಾಳಿ ಹೊಡೆಸಿ, ಎಮರಿಯ ಒಂದು ಕಣವೂ ಒಳಗೆ ಉಳಿಯಬಾರದು. ನಡುವೆ ಶಾಖ ತಡೆಯಲು ಇಡುವ ತುಂಡಿನ ಎರಡೂ ಮುಖ, ಪ್ಯಾಕಿಂಗುಗಳು ಸಹ ಸಪಾಟಾಗಿರಬೇಕು. ಕೂರಿಸುವಾಗ ಎರಡು ನಟ್ಟನ್ನೂ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ. ಸಣ್ಣ ಸ್ಪಾನರಿನಲ್ಲಿ ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ಪಟಾಕಿಗೆ ಇನ್ನೊಂದು ಕಾರಣ ಹೊಗೆ ಹೊರಹೋಗುವ ಬೆಂಡ್ ಪೈಪು ಹೆಡ್ಡಿಗೆ ಕೂರುವ ಜಾಗದಲ್ಲಿ ಸಡಿಲವಾಗಿರುವುದು. ಸುಡದೆ ಉಳಿದ ಆವಿಗೆ ಅಲ್ಲಿಂದ ಹೊರಗಿನ ಗಾಳಿ ಸೇರಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದೊಡನೆ ಅಲ್ಲಿ ಬೆರಳು ಹಿಡಿದರೆ ಉಸಿರು ತಾಗುತ್ತದೆ, ಸುತ್ತ ಕಪ್ಪು ಗೆರೆಯೂ ಇರುತ್ತದೆ. ಫ್ರೀ ಫ್ಲೋ ಸೈಲೆನ್ಸರಿನಲ್ಲಿ ಅಷ್ಟಿಷ್ಟು ಪಟಪಟ ಇದ್ದೇ ಇರುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಹೊರಟವರು ಎಂಜಿನ್ನಿಗೆ ಪೆಟ್ರೋಲು ಕುಡಿಸಿ ಕುಡಿಸಿ ಕೆಡಿಸುತ್ತಾರೆ. ನನ್ನನ್ನು ಕೇಳಿದರೆ ಹಳೇ ಬುಲೆಟ್ಟಿಗೆ ಅದರ ಸ್ವಂತ ಉದ್ದ ಸೈಲೆನ್ಸರಿನ ಶಬ್ದಕ್ಕಿಂತ ಒಳ್ಳೆಯದಿಲ್ಲ, ಆದರೆ ನೀವು ಕೇಳಿಲ್ಲ.

ಸಂದಿ ಮುಚ್ಚಿದ ಮೇಲೆ ಏರ್ ಸ್ಕ್ರೂ. ಇಲ್ಲಿ ತುಂಬಾ ಜನ ಎಡವುತ್ತಾರೆ. ಸ್ಕ್ರೂ ಕಾರ್ಬ್ಯುರೇಟರಿನ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಬಿಚ್ಚಿದಷ್ಟೂ ಲೀನ್. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲಿನ ಸ್ಕ್ರೂ, ಬಿಚ್ಚಿದಷ್ಟೂ ರಿಚ್. ನಿಮ್ಮದು ಗಾಳಿಯದು. ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ಸ್ಕ್ರೂ ಮೆತ್ತಗೆ ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಬಿಚ್ಚಿ. ಸ್ಲೈಡನ್ನು ಎತ್ತಿ ಹಿಡಿಯುವ ಸ್ಲೈಡ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಸ್ವಲ್ಪ ಏರಿಸಿಕೊಳ್ಳಿ. ಈಗ ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಗೆ ಹೊರಗೆ ತಿರುಗಿಸುತ್ತ, ಪ್ರತಿ ಸಲ ಹತ್ತು ಸೆಕೆಂಡು ಕಾದು, ಎಂಜಿನ್ ಎಲ್ಲಿ ಹೆಚ್ಚು ವೇಗವಾಗಿ, ಸಮವಾಗಿ ಓಡುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಸ್ಲೈಡ್ ಸ್ಕ್ರೂ ಇಳಿಸಿ.

ಒಳ್ಳೆಯ ಜಾಗ ಒಂದು ಸುತ್ತಿಗಿಂತ ಒಳಗೇ ಸಿಕ್ಕಿದರೆ ಪೈಲಟ್ ಜೆಟ್ ಚಿಕ್ಕದಾಯಿತು ಅಥವಾ ಅರ್ಧ ಕಟ್ಟಿಕೊಂಡಿದೆ ಎಂದರ್ಥ. ಎರಡೂವರೆ ಸುತ್ತು ದಾಟಿದ ಮೇಲೆ ಸಿಕ್ಕಿದರೆ ಜೆಟ್ ದೊಡ್ಡದಾಯಿತು. ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕಿವಿಗೇ ಹಾಕಿಕೊಳ್ಳದಿದ್ದರೆ ಪೈಲಟ್ ದಾರಿ ಪೂರ್ತಿ ಮುಚ್ಚಿದೆ, ಇಲ್ಲವೇ ಗಾಳಿ ಸಂದಿ ಇನ್ನೂ ಉಳಿದಿದೆ, ಇಲ್ಲವೇ ಸ್ಲೈಡ್ ಸವೆದು ತಾನೇ ಗಾಳಿ ಬಿಡುತ್ತಿದೆ. ಫಿಲ್ಟರ್ ಕಡೆಯಿಂದ ಬೆರಳು ಹಾಕಿ ಸ್ಲೈಡ್ ಅಲ್ಲಾಡಿಸಿ ನೋಡಿ. ಲೊಟಲೊಟ ಎಂದು ಆಡಿದರೆ ಆ ಕಾರ್ಬ್ಯುರೇಟರಿನಲ್ಲಿ ನಿಂತ ಐಡ್ಲಿಂಗ್ ಸಿಗುವುದಿಲ್ಲ. ಹೊಸ ಸ್ಲೈಡ್ ಹಾಕಿದರೂ ಬಾಡಿ ಸವೆದಿರುತ್ತದೆ, ಹೊಸ ಕಾರ್ಬ್ಯುರೇಟರೇ ಲೇಸು.

ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಗಾಳಿ ಹೊಡೆಸಿ, ಬೆಳಕಿಗೆ ಹಿಡಿದು ದುಂಡು ಕಾಣುತ್ತದೋ ನೋಡಿ. ಕ್ಲಚ್ ವೈರಿನ ಎಳೆ, ಪಿನ್ನು, ಸೂಜಿ ಯಾವುದನ್ನೂ ಚುಚ್ಚಬೇಡಿ. ಹಿತ್ತಾಳೆ ಮೆತ್ತನೆಯದು. ಒಂದು ಸಲ ಚುಚ್ಚಿದರೆ 25ರ ಜೆಟ್ಟು ಮುಂದೆ ಎಷ್ಟರ ಜೆಟ್ಟೋ ದೇವರಿಗೇ ಗೊತ್ತು. ಬ್ರಷ್ಷಿನ ಒಂದು ನೈಲಾನ್ ಎಳೆ ಬೇಕಾದರೆ ಹಾಕಿ.

ಬೆಳಗಿನ ಹನ್ನೆರಡು ಕಿಕ್ಕಿಗೂ ಇದೇ ದಾರಿಯ ನಂಟಿದೆ, ಜೊತೆಗೆ ಬಹುಶಃ ನಿಮ್ಮ ಬಲಗೈಯದ್ದೂ ಸ್ವಲ್ಪ ತಪ್ಪಿದೆ. ಈ ಕಾರ್ಬ್ಯುರೇಟರಿನ ಚೋಕ್ ಗಾಳಿ ಮುಚ್ಚುವ ತಗಡಲ್ಲ. ಬೇರೊಂದು ಸಣ್ಣ ದಾರಿಯಿಂದ ಹೆಚ್ಚಿನ ಪೆಟ್ರೋಲು ಎಳೆದುಕೊಡುವ ವ್ಯವಸ್ಥೆ. ಕಿಕ್ ಹೊಡೆಯುವಾಗ ಸ್ಲೈಡ್ ಮುಚ್ಚಿದ್ದರೆ ಮಾತ್ರ ಆ ದಾರಿಗೆ ಸಾಕಷ್ಟು ಎಳೆತ ಸಿಗುತ್ತದೆ. ಚೋಕ್ ಹಾಕಿ ಅಭ್ಯಾಸಬಲದಿಂದ ರೇಸ್ ತಿರುಗಿಸುತ್ತ ಕಿಕ್ ಹೊಡೆದರೆ ಚೋಕ್ ಇಲ್ಲದಂತೆಯೇ. ರೇಸ್ ಮುಟ್ಟದೆ ಒದ್ದು ನೋಡಿ. ಹಾಗೇ ಆ ಚೋಕಿನ ಸಣ್ಣ ಪ್ಲಂಜರ್ ಹೊರತೆಗೆದು ತುದಿಯ ರಬ್ಬರ್ ನೋಡಿ. ಅದು ಗಟ್ಟಿಯಾಗಿ ಗುಂಡಿ ಬಿದ್ದಿದ್ದರೆ ಚೋಕ್ ತೆಗೆದ ಮೇಲೂ ಪೆಟ್ರೋಲು ತೊಟ್ಟಿಕ್ಕುತ್ತಲೇ ಇರುತ್ತದೆ.

ಎರಡನೇ ಕಾಯಿಲೆ ಅರ್ಧ ರೇಸಿನದು. ಇಲ್ಲಿ ಮೊದಲು ಖಚಿತ ಮಾಡಿಕೊಳ್ಳಬೇಕಾದದ್ದು ಇದು ರಿಚ್ಚೇ ಹೌದೇ ಎಂದು. ಕಿವಿಗೆ ತಿಳಿಯುತ್ತದೆ: ಲೀನ್ ಆದ ಎಂಜಿನ್ ಚುರುಕಾಗಿ ಕೆಮ್ಮುತ್ತದೆ, ರೇಸ್ ಕೊಟ್ಟಾಗ ಒಂದು ಕ್ಷಣ ಉಸಿರು ನಿಂತ ಹಾಗೆ ಖಾಲಿ ಬೀಳುತ್ತದೆ, ಬಿಸಿಯಾದಂತೆ ಸುಧಾರಿಸುತ್ತದೆ. ರಿಚ್ ಆದದ್ದು ಹೊಟ್ಟೆ ತುಂಬಿದವನಂತೆ ಗುಡುಗುತ್ತದೆ, ಬಿಸಿಯಾದಷ್ಟೂ ಹದಗೆಡುತ್ತದೆ. ‘ಗಂಟಲು ಕಟ್ಟಿದ ಹಾಗೆ’ ಎಂಬ ನಿಮ್ಮ ಮಾತು ಎರಡನೆಯದನ್ನೇ ಹೇಳುತ್ತಿದೆ. ಆದರೂ ಸಾಕ್ಷಿ ಬೇಕೆಂದರೆ ಒಂದು ಹಳೇ ಪರೀಕ್ಷೆ ಇದೆ. ಖಾಲಿ, ನೇರ ರಸ್ತೆಯಲ್ಲಿ ಮುಗ್ಗರಿಸುವ ರೇಸಿನಲ್ಲೇ ಒಂದೇ ಸಮ ಓಡಿಸುತ್ತ ಪೆಟ್ರೋಲ್ ಕಾಕ್ ಮುಚ್ಚಿ. ಫ್ಲೋಟ್ ಚೇಂಬರಿನ ಮಟ್ಟ ಇಳಿದಂತೆ ಮಿಶ್ರಣ ತೆಳ್ಳಗಾಗುತ್ತದೆ. ನಿಲ್ಲುವ ಮುಂಚೆ ಕೆಲವು ಸೆಕೆಂಡು ಗಾಡಿ ಹುಮ್ಮಸ್ಸಿನಿಂದ ಎಳೆದರೆ ಅದು ರಿಚ್ ಆಗಿತ್ತು, ಸಂಶಯವೇ ಬೇಡ. ಹಿಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು ಮಾಡಿ, ಘಾಟಿಯಲ್ಲಿ ಮಾಡಬೇಡಿ. ತದ್ವಿರುದ್ಧ ಪರೀಕ್ಷೆ ಚೋಕಿನದು. ಓಡುವಾಗ ಚೋಕ್ ಸ್ವಲ್ಪ ಹಾಕಿದರೆ ಸುಧಾರಿಸಿದರೆ ಲೀನ್, ಇನ್ನೂ ಕೆಟ್ಟರೆ ರಿಚ್.

ರಿಚ್ ಎಂದಾದರೆ ನೀಡಲ್ ಹೊರತೆಗೆಯಿರಿ. ಮೇಲ್ತುದಿಯಲ್ಲಿ ಗೀರಿದ ಐದು ಕಚ್ಚುಗಳಿವೆ, ಒಂದರಲ್ಲಿ ಸಣ್ಣ ಕ್ಲಿಪ್ ಕೂತಿರುತ್ತದೆ. ಕ್ಲಿಪ್ ಕೆಳಗಿನ ಕಚ್ಚಿಗೆ ಹೋದರೆ ನೀಡಲ್ ಮೇಲೇರಿ ರಿಚ್, ಮೇಲಿನ ಕಚ್ಚಿಗೆ ಹೋದರೆ ನೀಡಲ್ ಇಳಿದು ಲೀನ್. ತಲೆಕೆಳಗು ಲೆಕ್ಕ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಎರಡನೇ ಮೆಕ್ಯಾನಿಕ್ ಏರಿಸಿದ್ದನ್ನು ಮೊದಲು ನಡುವಿನ ಮೂರನೇ ಕಚ್ಚಿಗೆ ತನ್ನಿ.

ಅಷ್ಟಕ್ಕೇ ಗುಣವಾಗುತ್ತದೆ ಎಂದು ನನಗನ್ನಿಸುವುದಿಲ್ಲ. ನೀಡಲ್ ಎತ್ತುವ ಮೊದಲೇ ಪ್ಲಗ್ ಕಪ್ಪಿತ್ತಲ್ಲ. ನನ್ನ ಅನುಮಾನ ಸವೆತದ ಮೇಲೆ. ಸಿಂಗಲ್ ಸಿಲಿಂಡರಿನ ಗುದ್ದಿಗೆ ನೀಡಲ್ ಆ ಹಿತ್ತಾಳೆ ಜೆಟ್ಟಿನೊಳಗೆ ವರ್ಷಗಟ್ಟಲೆ ನಡುಗುತ್ತ ತೂತನ್ನು ಮೊಟ್ಟೆಯಾಕಾರಕ್ಕೆ ಉಜ್ಜಿರುತ್ತದೆ. ನೀವು ಹೆಚ್ಚು ಹೊತ್ತು ಓಡಿಸುವುದು ಕಾಲಿನಿಂದ ಅರ್ಧ ರೇಸಿನಲ್ಲಿ, ಸವೆತವೂ ಅಲ್ಲೇ, ಪೆಟ್ರೋಲು ಸೋರಿಹೋಗುವುದೂ ಅಲ್ಲೇ. ಮೈಲೇಜ್ 22ಕ್ಕೆ ಇಳಿಯಲು ಇಷ್ಟು ಸಾಕು. ನೀಡಲ್ಲನ್ನು ಬೆಳಕಿನಲ್ಲಿ ತಿರುಗಿಸಿದರೆ ಒಂದು ಕಡೆ ಹೊಳಪಿನ ಗುರುತು ಕಾಣುತ್ತದೆ, ಉಗುರಿಗೆ ಅಂಚು ತಾಗುತ್ತದೆ. ನೀಡಲ್ ಮತ್ತು ನೀಡಲ್ ಜೆಟ್ಟನ್ನು ಜೋಡಿಯಾಗಿಯೇ ಬದಲಿಸಿ, ಒಂದನ್ನು ಉಳಿಸಿದರೆ ಲಾಭವಿಲ್ಲ. ಅಸಲಿ ಮಾಲನ್ನೇ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗದ್ದು ಕಡಿಮೆ, ಆದರೆ ನಕಲಿಯೂ ಅಷ್ಟೇ ಸಲೀಸಾಗಿ ಸಿಗುತ್ತದೆ, ಜೆಟ್ಟಿನ ಮೇಲೆ ಒತ್ತಿದ ಸಂಖ್ಯೆಗೂ ಅದರ ತೂತಿಗೂ ಸಂಬಂಧವಿರದ ನಕಲಿಗಳು.

ಚೇಂಬರಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಮಟ್ಟ ಏರಿದ್ದರೆ ಎಲ್ಲ ರೇಸಿನಲ್ಲೂ ರಿಚ್ ಆಗುತ್ತದೆ. ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲು ಕುಲುಕಿದರೆ ತೂತಾಗಿದೆ. ಫ್ಲೋಟ್ ಎತ್ತುವ ಸಣ್ಣ ಸೂಜಿ ವಾಲ್ವಿನ ತುದಿಯಲ್ಲಿ ಉಂಗುರದಂತೆ ಗುರುತು ಬಿದ್ದಿದ್ದರೆ ಬದಲಿಸಿ. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ರಾತ್ರಿ ಶೆಡ್ಡಿನಲ್ಲಿ ಪೆಟ್ರೋಲು ವಾಸನೆ ಬರುತ್ತಿದ್ದರೆ ಇದನ್ನೇ ಮೊದಲು ನೋಡಿ. ಕಾಕ್ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ.

ಮಂಗಳೂರಿನಿಂದ ಗಾಡಿ ತಂದಿದ್ದೀರಿ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರ. ಅಲ್ಲಿ ಗಾಳಿ ಕರಾವಳಿಗಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ತೆಳುವು. ಕಾರ್ಬ್ಯುರೇಟರ್ ಎಳೆಯುವ ಪೆಟ್ರೋಲು ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಲೆಕ್ಕ ಹಾಕಿದರೆ ಮಿಶ್ರಣ ಸುಮಾರು ನೂರಕ್ಕೆ ಐದರಷ್ಟು ರಿಚ್ ಆಗುತ್ತದೆ. ಇನ್ನೊಂದು ಕಡೆ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ನೂರಕ್ಕೆ 20 ಎಥನಾಲಿನ ಪೆಟ್ರೋಲು ಈಗ ಎಲ್ಲ ಕಡೆ ಬಂದಿದೆ. ಶುದ್ಧ ಪೆಟ್ರೋಲು ಒಂದು ಕಿಲೋ ಸುಡಲು 14.7 ಕಿಲೋ ಗಾಳಿ ಬೇಕು, ಈ ಮಿಶ್ರಣಕ್ಕೆ 13.5ರ ಹತ್ತಿರ ಸಾಕು. ಹಳೇ ಜೆಟ್ಟಿನಲ್ಲೇ ಹೊಸ ಪೆಟ್ರೋಲು ಹರಿದರೆ ಗಾಳಿ ಮಿಕ್ಕುತ್ತದೆ, ಅಂದರೆ ಲೀನ್. ಘಟ್ಟ ಕೊಟ್ಟದ್ದನ್ನು ಬಂಕು ಕಿತ್ತುಕೊಂಡಿತು. ಹಾಗಾಗಿ ಎತ್ತರ ಎಂಬ ಕಾರಣಕ್ಕೆ ಜೆಟ್ ಚಿಕ್ಕದು ಮಾಡಲು ನಾನು ಹೇಳುವುದಿಲ್ಲ. ಆದರೆ ಇದೇ ಗಾಡಿಯಲ್ಲಿ ಮಂಗಳೂರಿಗೆ ಇಳಿದು ಸೆಕೆಯಲ್ಲಿ ಹೆದ್ದಾರಿ ಮೇಲೆ ಗಟ್ಟಿಯಾಗಿ ಓಡಿಸುವಾಗ ಮಿಶ್ರಣ ತೆಳ್ಳಗಿರುತ್ತದೆ ಎಂಬುದು ನೆನಪಿರಲಿ. ರಿಚ್ ಆದರೆ ದುಡ್ಡು ಹೋಗುತ್ತದೆ, ಫುಲ್ ರೇಸಿನಲ್ಲಿ ಲೀನ್ ಆದರೆ ಪಿಸ್ಟನ್ ಹೋಗುತ್ತದೆ. ಎಥನಾಲ್ ಹಳೇ ರಬ್ಬರ್ ಪೈಪನ್ನೂ ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಉದುರಿದ ಚೂರು ಬಂದು ಕೂರುವುದು ಪೈಲಟ್ ಜೆಟ್ಟಿನಲ್ಲೇ. ಕಾಕಿನಿಂದ ಬರುವ ಪೈಪ್ ಹೊಸದು ಹಾಕಿಬಿಡಿ.

ಪ್ಲಗ್ಗಿನ ಬಣ್ಣ ಓದುವುದಕ್ಕೂ ಒಂದು ಕ್ರಮವಿದೆ. ಊರು ಸುತ್ತಿ ಮನೆಗೆ ಬಂದು ಐಡ್ಲಿಂಗಿನಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿದರೆ ಎಲ್ಲ ರೇಸಿನ ಬಣ್ಣವೂ ಕಲಸಿರುತ್ತದೆ. ಹೊಸ ಪ್ಲಗ್ ಹಾಕಿ, ಟೇಪಿನ ಗುರುತಿನಲ್ಲಿ ಅರ್ಧಕ್ಕೆ ರೇಸ್ ಹಿಡಿದು ಎರಡು ಮೂರು ಕಿಲೋಮೀಟರ್ ಓಡಿಸಿ, ಅದೇ ರೇಸಿನಲ್ಲಿ ಎಂಜಿನ್ ಆಫ್ ಮಾಡಿ ಕೂಡಲೇ ಕ್ಲಚ್ ಹಿಡಿದು ಉರುಳುತ್ತ ಬದಿಗೆ ನಿಲ್ಲಿಸಿ ಬಿಚ್ಚಬೇಕು. ಕಾಫಿಪುಡಿಯ ತಿಳಿ ಬಣ್ಣ ಸರಿ, ಒಣ ಮಸಿ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ಒದ್ದೆ ಎಣ್ಣೆ ಕಪ್ಪು ಕಂಡರೆ ಅದು ಕಾರ್ಬ್ಯುರೇಟರಿನ ಮಾತೇ ಅಲ್ಲ, ಪಿಸ್ಟನ್ ರಿಂಗು ಅಥವಾ ವಾಲ್ವ್ ಗೈಡಿನದು. ಸೀಸದ ಪೆಟ್ರೋಲು 2000ದಲ್ಲಿ ನಿಂತಮೇಲೆ ಈ ಬಣ್ಣಗಳು ಮೊದಲಿನಷ್ಟು ಎದ್ದು ಕಾಣುವುದಿಲ್ಲ. ತಿಳಿ ಬಣ್ಣ ಕಂಡೊಡನೆ ಹೆದರಿ ಜೆಟ್ ಏರಿಸಬೇಡಿ.

ಮೇನ್ ಜೆಟ್ ಕಟ್ಟಕಡೆಗೆ. 110 ತೆಗೆದು 90 ಹಾಕಿಯೇ ಪರೀಕ್ಷೆ ಶುರು ಮಾಡಿ. ಸೈಲೆನ್ಸರೂ ಫಿಲ್ಟರೂ ಬದಲಾಗಿರುವುದರಿಂದ 95 ಅಥವಾ 100 ಬೇಕಾಗಬಹುದು, ಅದನ್ನು ಗಾಡಿಯೇ ಹೇಳುತ್ತದೆ. ಸಣ್ಣ ಏರಿನಲ್ಲಿ ಮೂರನೇ ಗೇರಿನಲ್ಲಿ ಫುಲ್ ರೇಸ್ ಕೊಟ್ಟು, ಎಳೆಯುತ್ತಿರುವಾಗ ರೇಸನ್ನು ಕೂದಲೆಳೆಯಷ್ಟು ಇಳಿಸಿ. ಇಳಿಸಿದ ಕ್ಷಣ ಗಾಡಿ ಮುಂದಕ್ಕೆ ಜಿಗಿದಂತಾದರೆ ಮೇನ್ ಜೆಟ್ ಚಿಕ್ಕದು, ಒಂದು ನಂಬರ್ ಏರಿಸಿ. ಮುಗ್ಗರಿಸಿದರೆ ದೊಡ್ಡದು. ಸುಮ್ಮನೆ ಸ್ವಲ್ಪ ನಿಧಾನವಾದರೆ ಅಲ್ಲಿಗೇ ಬಿಟ್ಟುಬಿಡಿ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ, ತೆಗೆದ ಜೆಟ್ಟನ್ನು ಎಸೆಯಬೇಡಿ. ಮೊದಲ ಭಾನುವಾರ ಪಾಯಿಂಟು, ಟೈಮಿಂಗು, ಟ್ಯಾಪೆಟ್ಟು. ಎರಡನೇ ಭಾನುವಾರ ಕಾರ್ಬ್ಯುರೇಟರಿನ ಮುಖ ಉಜ್ಜಿ ಐಡ್ಲಿಂಗ್. ಅದು ನಿಂತ ಮೇಲೆ ನೀಡಲ್ಲಿನ ಜೋಡಿ. ಎಲ್ಲ ಸರಿಹೋದ ಮೇಲೆ ಮೂಡಿಗೆರೆ ದಾರಿಯಲ್ಲಿ ಕೊಟ್ಟಿಗೆಹಾರದವರೆಗೆ ಹೋಗಿ ಬನ್ನಿ, ಟ್ಯಾಂಕ್ ತುಂಬಿಸಿ ಅಳೆಯಿರಿ. ಸುಸ್ಥಿತಿಯ 350 ಬುಲೆಟ್ಟು ನಮ್ಮ ಗುಡ್ಡದ ರಸ್ತೆಯಲ್ಲೂ 30 ದಾಟಬೇಕು. 22ರಲ್ಲೇ ನಿಂತಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಚಕ್ರ ಎತ್ತಿ ತಿರುಗಿಸಿ ನೋಡಿ. ಅದನ್ನೂ ಕಾರ್ಬ್ಯುರೇಟರಿನ ತಲೆಗೆ ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ.